ಆರಮೇಲೊಂದು

18 ನವೆಂಬರ್ 2025, ಮಂಗಳವಾರ. ಬೆಳಿಗ್ಗೆ 10

ಇವತ್ತೂ ಅದೇ. ಚಹಾ ಮುಗಿಸಿ ಭುವನಾಳ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತೆ, ಯುದ್ಧ ಶುರು. ಭುವನಾ ನನ್ನ ತಮ್ಮ ಜಂಬಯ್ಯನ ಮೊಮ್ಮಗಳು. ಗೆಳತಿಯರಿಬ್ಬರ ಜೊತೆ ಸೇರಿ ಕಂಪ್ಯೂಟರ್ ಗೇಮ್ ಕಟ್ಟುತ್ತಿದ್ದಾಳೆ. ಹತ್ತು ಸಿಪಾಯಿಗಳ ಒಂದು ಸೆಕ್ಷನ್. ಆಡುವವರು ಮೈಕಿನಲ್ಲಿ ಹುಕುಂ ಕೊಡಬೇಕು, ಅವರು ಕೇಳಬೇಕು. ತನ್ನೂರು ಗೋನೆಗಂಡ್ಲದಲ್ಲಿ ನೆಟ್ ನಿಲ್ಲುವುದಿಲ್ಲವೆಂದು ಆದೋನಿಗೆ, ನನ್ನ ಮನೆಗೆ ಬಂದು ಎರಡು ತಿಂಗಳಾಯಿತು. ನಾನು ಫೌಜಿನಲ್ಲಿದ್ದವನಲ್ಲವೇ, ತಪ್ಪು ತೋರಿಸುವ ಕೆಲಸ ನನ್ನದು.

"ದೊಡ್ಡತಾತ, ಇವರು ಜಾಲಿ ಗಿಡದ ಹಿಂದ ಅಡಗ್ಯಾರ. ಸರಿ ಐತಿಲ್ಲ?"

"ಜಾಲಿ ಕಣ್ಣಿಗೆ ಮರೆ ಆಗತೈತಿ, ಗುಂಡಿಗಲ್ಲವ್ವಾ. ಮಣ್ಣಿನ ಹಿಂದ ಮಲಗ್ಸು."

"ಮತ್ತ ಈತ?"

"ಈತ ದಿಬ್ಬದ ನೆತ್ತಿ ಮ್ಯಾಲೆ ನಿಂತಾನ. ಹಿಂದ ಬರೀ ಆಕಾಶ. ಲಗ್ನದ ಫೋಟೋಕ್ಕ ನಿಂತಂಗ ನಿಂತಾನ ನೋಡು."

"ಸರಿ ಬಿಡ್ರಿ ತಾತಾ, ಇಳಸ್ತೀನಿ," ಎಂದು ನಕ್ಕಳು.

ಇನ್ನೂ ಹೇಳಿದೆ. ಇಷ್ಟು ಓಡಿದವನಿಗೆ ಏದುಸಿರು ಬರಬೇಕು. ಗುಂಡು ಕಿವಿಯ ಹತ್ತಿರ ಚಟ್ ಎಂದ ಮೇಲೆ ಬಂದೂಕಿನ ಸದ್ದು ಬರಬೇಕು, ಮೊದಲಲ್ಲ. ಎಲ್ಲ ಬರೆದುಕೊಂಡಳು, ತೆಲುಗಿನಲ್ಲಿ. ಆಂಧ್ರದ ಶಾಲೆ, ಅವಳ ಓದೆಲ್ಲ ತೆಲುಗು. ಮನೆಮಾತು ಕನ್ನಡವಾದರೂ ಈ ಅಕ್ಷರ ಬಲ್ಲವನು ನಾನೊಬ್ಬನೇ, ಅದೂ ಬ್ಯಾರಕ್ಕಿನಲ್ಲಿ ಕದ್ದು ಕಲಿತದ್ದು. ಹಾಗಾಗಿ ಈ ದಿನಚರಿ ಪುಸ್ತಕ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತದೆ. ಯಾರ ಭಯವೂ ಇಲ್ಲ.

21 ನವೆಂಬರ್, ಶುಕ್ರವಾರ

ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಇಷ್ಟೊತ್ತು ಆಡಿದಿ. ನಿನ್ನ ಮಂದಿ ಎಷ್ಟು ಉಳಿದಾರ, ಎಣಿಸಿದೇನು?" ಎಂದೆ.

"ಮೂಲ್ಯಾಗ ನಂಬರ್ ಬರತೈತಲ್ಲ."

"ನಮಗ ಮೂಲ್ಯಾಗ ನಂಬರ್ ಬರ್ತಿದ್ದಿಲ್ಲ."

 ಸಂಜೆಯೊಳಗೆ ಎಣಿಕೆ ಸೇರಿಸಿಬಿಟ್ಟಿದ್ದಳು. ಸಂಖ್ಯೆ ಕರೆದರೆ ಆ ಸಿಪಾಯಿ ಮಲಗಿದ್ದಲ್ಲೇ ಕೈ ಎತ್ತುತ್ತಾನೆ. ನನ್ನ ದನಿಗೆ ಮಾತ್ರ. ತನ್ನ ಹರಟೆಗೆಲ್ಲ ಅವರು ಓಡಬಾರದೆಂದು ಹಾಗೆ ಮಾಡಿದ್ದಾಳೆ.

ಎಣಿಸಿದೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಆರಮೇಲೊಂದು, ಎಂಟು...

ಮೊದಲನೆಯವನೂ ಏಳನೆಯವನೂ ಕೈ ಎತ್ತಲಿಲ್ಲ.

"ಇದ್ಯಾವ ಎಣಿಕಿ ತಾತ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೇಳಿದೆ. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ಜೋಳ, ಶೇಂಗಾ ಅಳೆಯುತ್ತಿದ್ದವನು. ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಏಳನ್ನಂತೂ ಬಾಯಿಗೇ ತರುವುದಿಲ್ಲ. ತೆಲುಗಿನಲ್ಲಿ ಏಡು ಎಂದರೆ ಏಳೂ ಹೌದು, ಅಳು ಎಂದೂ ಹೌದು. ಕನ್ನಡದಲ್ಲಿ ಏಳು ಎಂದರೆ ರಾಶಿಯೇ ಎದ್ದು ಹೋದೀತು. ಅದಕ್ಕೆ ಆರಮೇಲೊಂದು.

"ಮಷೀನಿಗೆ ತಿಳಿಯಂಗಿಲ್ರಿ. ಒಂದು ಅನ್ರಿ. ಏಳು ಅನ್ರಿ."

ಒಂದು ಅಂದೆ. ಇನ್ನೊಂದು ಅನ್ನಲಿಲ್ಲ.

"ಅಯ್ಯೋ ತಡೀರಿ, ಅಂದ್ರೂ ಕಷ್ಟಾನೇ! ಏಳು ಅಂದ್ರ ಮಲಗಿದವರು ಎದ್ದು ನಿಂತುಬಿಡ್ತಾರ. ಎಂಥಾ ಬಗ್ ನೋಡ್ರಿ!" ಮತ್ತೆ ನಗು.

ನೀರು ಕುಡಿಯುವ ನೆಪದಲ್ಲಿ ಎದ್ದು ಬಂದೆ.

25 ನವೆಂಬರ್, ಮಂಗಳವಾರ

ಎಲ್ಲಿ ಕಾದಾಡಿದಿರಿ ಎಂದು ಕೇಳುತ್ತಲೇ ಇದ್ದಳು. ಮರಳು ಎಂದೆ. ಎರಡು ದಿಬ್ಬ, ನಡುವೆ ತಗ್ಗು, ಒಡೆದ ನೀರಿನ ತೊಟ್ಟಿ. ಅಷ್ಟೇ ಹೇಳಿದ್ದು. ಇವತ್ತು ತೋರಿಸಿದಳು.

ದಿಬ್ಬ ಮೂರಿವೆ.

ಮೂರನೆಯದು ಎಡಕ್ಕೆ, ಕುರಿಯ ಬೆನ್ನಿನ ಹಾಗೆ ತಗ್ಗಿದೆ. ಅದು ಅಲ್ಲಿತ್ತು. ನಾನು ಹೇಳಿರಲಿಲ್ಲ.

"ಇದನ್ಯಾರು ಹೇಳಿದ್ರು ನಿನಗ?"

"ಯಾರೂ ಇಲ್ಲ. ಗಾಳಿ ಬಿಟ್ಟರ ಮರಳು ತಾನೇ ಕೂಡತೈತಿ. ಕಂಪ್ಯೂಟರೇ ಮಾಡೈತಿ ತಾತ."

ಆಮೇಲೆ, "ಕಣ್ಣು ಮುಚ್ಕೊಳ್ರಿ," ಅಂದಳು. ತೆಗೆದಾಗ ಏಳನೆಯ ಸಿಪಾಯಿಗೆ ಜಂಬಯ್ಯನ ಮುಖ. ಗೋನೆಗಂಡ್ಲದ ಗೋಡೆಯ ಫೋಟೋದಿಂದ ತೆಗೆದಳಂತೆ. ಇಪ್ಪತ್ತೊಂದು ವರ್ಷದ ಮುಖ, ಕಿವಿಯ ಪಕ್ಕದ ಮಚ್ಚೆ ಸಹಿತ.

"ಏಳನೇಯಂವಗ ಯಾಕ ಹಾಕಿದಿ?"

"ನನ್ನ ಲಕ್ಕಿ ನಂಬರ್ ತಾತ."

ಖುಷಿಯಾಯಿತೆಂದೆ. ನಿಜಕ್ಕೂ ಆಯಿತು, ಸುಳ್ಳಲ್ಲ. ಐವತ್ತನಾಲ್ಕು ವರ್ಷದ ಮೇಲೆ ತಮ್ಮನನ್ನು ನೋಡಿದೆ.

28 ನವೆಂಬರ್. ಮಧ್ಯಾಹ್ನ 3

ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಹತ್ತಿತ್ತು. ಭುವನಾ ಭುಜ ಅಲ್ಲಾಡಿಸಿದಳು.

"ತಾತ, ನೋಡ್ರಿ, ಅಜ್ಜ ತಾನೇ ಎದ್ದಾನ."

ಒಂಬತ್ತು ಜನ ಮಲಗಿದ್ದಾರೆ. ಏಳನೆಯವನು ಮಾತ್ರ ನಿಂತಿದ್ದಾನೆ. ಬೇರೆಯವರು ಏಳುವಾಗ ಬಂದೂಕು ಹಿಡಿದೇ ಏಳುತ್ತಾರೆ. ಇವನದು ಬರಿಗೈ. ಎರಡೂ ಕೈ ಮುಂದೆ ಚಾಚಿದ್ದಾನೆ, ಸ್ವಲ್ಪ ಬಗ್ಗಿದ್ದಾನೆ.

"ಇಂಥಾ ಆಕ್ಷನ್ನೇ ನಾವು ಮಾಡಿಲ್ಲ. ಏನೋ ಮಿಕ್ಸ್ ಆಗೈತಿ," ಎಂದು ಕೀಲಿ ಒತ್ತುತ್ತಿದ್ದಳು.

ಎದುರಿನ ದಿಬ್ಬದಿಂದ ಗುಂಡು ಬಂತು. ಬಿದ್ದ. ಮರಳಿನಲ್ಲಿ ಸದ್ದೇ ಇಲ್ಲ.

ಅವಳು ರಿಸ್ಟಾರ್ಟ್ ಒತ್ತಿದಳು. ಎಲ್ಲರೂ ಮತ್ತೆ ಜೀವಂತ. ಮತ್ತೆ ಮಲಗಿದ್ದಾರೆ.

29. ಮತ್ತೆ ಎದ್ದ. ಅದೇ ಹೊತ್ತು.

30. ಇವತ್ತೂ.

2 ಡಿಸೆಂಬರ್, ಮಂಗಳವಾರ

ಭುವನಾ ಕಾರಣ ಹುಡುಕಿದಳು. ಯಾವ ಹುಕುಂ, ಯಾರ ದನಿ, ಯಾವ ಹೊತ್ತು, ಎಲ್ಲ ಮಷೀನು ಬರೆದಿಡುತ್ತದಂತೆ. ತೆರೆದು ತೋರಿಸಿದಳು, ತೆಲುಗು ಅಕ್ಷರದಲ್ಲಿ. ನಾನೇ ಓದಿಕೊಂಡೆ.

ಏಳು. ದೊಡ್ಡತಾತ. 2.41.
ಏಳು. ದೊಡ್ಡತಾತ. 2.38.
ಏಳು. ದೊಡ್ಡತಾತ. 2.44.

"ನಿದ್ದ್ಯಾಗ ಕನವರಿಸ್ತೀರಿ ತಾತ. ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ, ಕೇಳಿಲ್ಲ. ಆದ್ರ ಒಂಬತ್ತು ಮಂದಿ ಬಿಟ್ಟು ಅಜ್ಜ ಒಬ್ಬನ ಯಾಕ ಏಳ್ತಾನೋ, ಅದು ತಿಳೀವಲ್ದು."

ಐವತ್ತನಾಲ್ಕು ವರ್ಷ ಆ ಮಾತು ಅಂದಿಲ್ಲ ಎಂದುಕೊಂಡಿದ್ದೆ. ದಿನವೂ ಅನ್ನುತ್ತಿದ್ದೆನೇ?

ಒಮ್ಮೆ ಬರೆದುಬಿಡುತ್ತೇನೆ. ಎಪ್ಪತ್ತೊಂದರ ಡಿಸೆಂಬರ್. ಸೆಕ್ಷನ್ ಕಮಾಂಡರ್ ಗಾಯಗೊಂಡು ಹಿಂದೆ ಹೋದ. ಲ್ಯಾನ್ಸ್ ನಾಯಕ್ ನಾನು, ಹೊಣೆ ನನಗೆ ಬಂತು. ಬೆಳಕು ಹರಿಯುವ ಮುಂಚೆ ಮಂದಿಯನ್ನು ಎಣಿಸಬೇಕು. ಎದುರಿನ ದಿಬ್ಬದ ಮೇಲೆ ಅವರ ಮಷೀನ್‌ಗನ್. ತಲೆ ಎತ್ತಿದರೆ ಹೋಯಿತು. ಹೆಚ್ಚಿನವರು ಬಳ್ಳಾರಿ, ರಾಯಚೂರು ಕಡೆಯವರು, ಗುಟ್ಟಿನ ಮಾತೆಲ್ಲ ಕನ್ನಡದಲ್ಲೇ. ಪಿಸುದನಿಯಲ್ಲಿ ಎಣಿಸಿದೆ. ಕರೆದವನು ಹೂಂ ಎನ್ನಬೇಕು. ಆರರವರೆಗೆ ಹೂಂ ಬಂತು. ಆರಮೇಲೊಂದು ಎನ್ನಬೇಕಿತ್ತು. ಹಿಂದಿನ ವಾರ ಹುಡುಗರು ಅದಕ್ಕೆ ನಕ್ಕಿದ್ದರು, ಶೇಂಗಾ ಅಳೀತೀಯೇನಲೇ ಎಂದು. ನಾಚಿಕೆ. ಏಳು ಎಂದೆ.

ಏಳನೆಯವನು ಜಂಬಯ್ಯ. ಮೂರು ದಿನ ನಿದ್ದೆಯಿಲ್ಲದೆ ಮಂಪರಿನಲ್ಲಿದ್ದ. ಮನೆಯಲ್ಲಿ ಚಿಕ್ಕಂದಿನಿಂದ ಅವನನ್ನು ಎಬ್ಬಿಸಿದ ದನಿ ನನ್ನದು. ಎದ್ದು ನಿಂತ. ಹೊದ್ದ ಕೌದಿ ಮಡಿಚುವವನ ಹಾಗೆ ಎರಡೂ ಕೈ ಮುಂದೆ ಚಾಚಿ, ಸ್ವಲ್ಪ ಬಗ್ಗಿ...

ಅವನ ಹೆಂಡತಿ ಗುರುಬಸಮ್ಮ ಆಗ ಬಸುರಿ. ಶತ್ರುವಿನ ಮೇಲೆ ನುಗ್ಗುವಾಗ ಬಿದ್ದ ಎಂದು ಕಾಗದ ಬರೆದೆ. ರಜೆಗೆ ಬಂದಾಗ ನಾನೇ ಓದಿಯೂ ಹೇಳಿದೆ. ಆಕೆಗೂ ಈ ಅಕ್ಷರ ಬರುವುದಿಲ್ಲ. ಇವತ್ತಿಗೂ ಆ ಕಾಗದ ಆಕೆಯ ಟ್ರಂಕಿನಲ್ಲಿದೆ.

5 ಡಿಸೆಂಬರ್, ಶುಕ್ರವಾರ. ಸಂಜೆ

ಗುರುಬಸಮ್ಮ ಬಂದಿದ್ದಾಳೆ. ಅಜ್ಜನ ಮುಖ ಹಾಕಿದ್ದೀನಿ ಎಂದು ಭುವನಾ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಎಪ್ಪತ್ತೆರಡರ ಮುದುಕಿ, ಬಸ್ಸಿಳಿದು ಕೈಕಾಲು ತೊಳೆಯಲೂ ಇಲ್ಲ. ತಲೆಯ ಸೆರಗಿನ ಮೇಲೆಲ್ಲ ಹತ್ತಿ ಎಳೆ. ಈ ತಿಂಗಳು ಊರೆಲ್ಲ ಹತ್ತಿಯೇ ಹಾರುತ್ತದೆ. ನೇರ ಸ್ಕ್ರೀನಿನ ಮುಂದೆ ಕುಳಿತಳು.

"ಎಲ್ಲಿ ಅದಾನ?"

"ಅಗೋ, ಅಲ್ಲಿ ಮಲಗ್ಯಾನಲ್ಲವ್ವ, ಆ ಕೊನಿಯಿಂದ ಏಳನೇಯಂವ."

"ಬೆನ್ನು ಕಾಣಾಕತ್ತೈತಿ. ಮುಖ ತೋರಿಸಂತ ಹೇಳ."

"ಎದ್ದರ ಕಾಣತೈತವ್ವ. ದೊಡ್ಡತಾತ ಏಳು ಅನ್ಬೇಕು. ಆತನ ದನಿಗಷ್ಟ ಏಳ್ತಾನ."

ನನ್ನ ಕಡೆ ತಿರುಗಿದಳು. "ಅನ್ರಿ ಬಾವ."

"ಎದ್ದರ ಆ ದಿಬ್ಬದವರು ಹೊಡೀತಾರ, ಗುರುಬಸಮ್ಮ."

"ನಾನು ಅವರನ್ನ ತೆಗೀತೀನಿ ತಾತ, ಒಂದು ಬಟನ್," ಎಂದಳು ಭುವನಾ.

"ತೆಗೀತಾಳಂತ. ಅನ್ರಿ. ಒಂದು ಮಾತು ತಾನೇ?"

ಗಂಟಲು ಸರಿಯಿಲ್ಲ, ನಾಳೆ ನೋಡೋಣ ಎಂದೆ. "ಫೌಜಿನ್ಯಾಗ ಇದ್ದಾತಗ ಗಂಟಲ ಕೆಟ್ಟೈತಂತ ನೋಡವ್ವಾ," ಎಂದು ಮೊಮ್ಮಗಳ ಮುಂದೆ ಚೇಷ್ಟೆ ಮಾಡಿದಳು. ನಗುವಾಗ ಈಗಲೂ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ.

6 ಡಿಸೆಂಬರ್. ಬೆಳಿಗ್ಗೆ 7

ಕಾಗದ ಬರೆದೆ. ಇಲ್ಲೇ ಬರೆದಿಡುತ್ತೇನೆ.

ತಂಗಿ ಗುರುಬಸಮ್ಮನಿಗೆ. ನಾನು ಮೊದಲು ಬರೆದ ಕಾಗದ ಸುಳ್ಳು. ಅವನು ನುಗ್ಗುವಾಗ ಬೀಳಲಿಲ್ಲ. ನಾನು ಏಳು ಎಂದೆ, ನನ್ನ ಮಾತು ಕೇಳಿ ಎದ್ದ. ಆ ಮಾತನ್ನೇ ಮತ್ತೆ ಅನ್ನೆಂದು ನೀನು ಕೇಳುತ್ತಿದ್ದೀ. ಮೊದಲು ಇದು ತಿಳಿದುಕೋ. ಆಮೇಲೆ ನೀನು ಹೇಳಿದ ಹಾಗೆ ಮಾಡುತ್ತೇನೆ.

ಬರೆದ ಮೇಲೆ ನೆನಪಾಯಿತು. ಇದನ್ನೂ ನಾನೇ ಓದಿ ಹೇಳಬೇಕು.

ಅದೇ ದಿನ, 11

ಓದಿದೆ. ಭುವನಾ ಬಾಗಿಲಲ್ಲಿ ನಿಂತು ಕೇಳಿದಳು.

ಗುರುಬಸಮ್ಮ ಬಹಳ ಹೊತ್ತು ಸೆರಗಿನಿಂದ ಹತ್ತಿ ಎಳೆ ಆರಿಸುತ್ತಿದ್ದಳು. ಒಂದೊಂದೇ.

"ಮತ್ತೊಮ್ಮೆ ಓದ್ರಿ," ಎಂದಳು. ಓದಿದೆ.

"ಎದ್ದಾಗ ಏನಾರ ಅಂದನೇನು?"

"ಇಲ್ಲ. ಕೌದಿ ಮಡಿಚಾಕ ಕೈ ಚಾಚಿದ."

ಕಾಗದ ಕೇಳಿ ತೆಗೆದುಕೊಂಡಳು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹನ್ನೆರಡರ ಬಸ್ಸಿಗೆ ಹೋದಳು. ಊಟ ಮಾಡಲಿಲ್ಲ.

8 ಡಿಸೆಂಬರ್

ಭುವನಾ ಕಂಪ್ಯೂಟರ್ ಹಚ್ಚಿಲ್ಲ. ಚಹಾ ಮೇಜಿನ ಮೇಲಿಟ್ಟು ಹೋಗುತ್ತಾಳೆ. ಗೋನೆಗಂಡ್ಲಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ.

13 ಡಿಸೆಂಬರ್, ಶನಿವಾರ. ಬೆಳಿಗ್ಗೆ 9

ಮೊದಲ ಬಸ್ಸಿಗೆ ಬಂದಿದ್ದಾಳೆ. ನನ್ನ ಮುಖ ನೋಡದೆ ಪಡಸಾಲೆಗೆ ಹೋದಳು. "ಹಚ್ಚವ್ವ ಅದನ್ನ," ಎಂದಳು ಭುವನಾಳಿಗೆ. ನಾನು ಒಳಕೋಣೆಯಲ್ಲಿ ಕುಳಿತಿದ್ದೇನೆ. ಕರೆಯುವವರೆಗೆ ಹೋಗಬಾರದು. ಬೈದರೆ ಬೈಯಲಿ. ಸುಮ್ಮನೆ ಕೂರಲಾಗದು, ಅದಕ್ಕೆ ಬರೆಯುತ್ತಿದ್ದೇನೆ.

ಪಡಸಾಲೆಯಲ್ಲಿ ಆಕೆ ಎಣಿಸುತ್ತಿದ್ದಾಳೆ.

ಲಾಭ... ಎರಡು...

ನಮ್ಮಪ್ಪನ ಎಣಿಕೆ. ಸೊಸೆಯಾಗಿ ಬಂದ ವರ್ಷ ಕಣದಲ್ಲಿ ಕಲಿತದ್ದು. ಮಷೀನು ಆಕೆಯ ದನಿ ಅರಿಯದು. ಲಾಭ ಎಂದರೂ ಅರಿಯದು.

"ತಾತ!" ಭುವನಾ ಕೂಗಿದಳು. "ತಾತ, ಅವ್ವನ ಮಾತಿಗೆ ಕೈ ಎತ್ತಾಕತ್ತಾರ! ಮೊದಲ್ನೇಯಂವನೂ ಎತ್ಯಾನ!"

ಮೂರು... ನಾಲ್ಕು...

ಅವಸರವಿಲ್ಲ. ಒಂದೊಂದಕ್ಕೂ ಹೂಂ ಬರುವಷ್ಟು ಹೊತ್ತು ಬಿಡುತ್ತಾಳೆ.

ಐದು. ಆರು.

ನಿಲ್ಲಿಸಿದಳು.

"ಬಾವ, ಬರ್ರಿ. ಮುಂದಿಂದು ನಿಮ್ದು."

ಹೋಗುತ್ತೇನೆ. ಹೋಗಲೇಬೇಕು. ಎದುರಿನ ದಿಬ್ಬದವರನ್ನು ಭುವನಾ ತೆಗೆದಿದ್ದಾಳೋ ಇಲ್ಲವೋ, ಮೊದಲು ಅದೊಂದು ಕೇಳಿ, ಆಮೇಲೆ ಬಾಯಿ ತೆರೆಯುತ್ತೇನೆ.