ದಂಡೆಯ ಮೇಲಿನ ಎಳನೀರು

೧೬ ಜನವರಿ ೧೯೮೩, ಭಾನುವಾರ, ಯಶವಂತಪುರ

ಸಂಜೆ ಗೋಕರ್ಣದಿಂದ ಮನೆಗೆ ಬಂದು ಮುಟ್ಟಿದೆವು. ಕಾಲಿನ ಉಸುಕು ತೊಳೆದರೆ ಹೋಯಿತು, ಆ ಹೆಂಗಸಿನ ಮುಖ ಹೋಗವಲ್ಲದು.

ಗೋಕರ್ಣದಾಗ ಸಂಕ್ರಾಂತಿ ಮಂದಿ, ಕಾಲಿಡಾಕ ಜಾಗಿಲ್ಲ ಅಂತ ಮಗ ಮುರಿಗೆಪ್ಪ ಯಾರೂ ಬರದ ದಂಡೆ ಹುಡುಕಿ ಕರಕೊಂಡು ಹೋದ. ದೂರದಾಗ ಒಂದು ಗುಡಿಸಲು ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬುತ್ತಿ ಬಿಚ್ಚಿದರೆ ಕುಡಿಯಾಕ ನೀರೇ ಇಲ್ಲ. ಅದನ್ನು ನೋಡಿ ಗುಡಿಸಲಿನಿಂದ ಮೀನುಗಾರ ಹೆಂಗಸೊಬ್ಬಳು ತಂಬಿಗೆ ತುಂಬ ನೀರು ತಂದಳು.

ನಾನು ಮೂಗಿಗೆ ಸೆರಗು ಹಿಡಿದು, "ನಾವು ಲಿಂಗವಂತರು, ಮೀನಿನ ಮನಿ ನೀರು ಕುಡಿಯೂದಿಲ್ಲ. ತಂಬಿಗಿ ಆ ಕಡೆ ಇಡವಾ" ಅಂದೆ. ಸೊಸೆ ತಲೆ ತಗ್ಗಿಸಿದಳು.

ಆಕೆ ಸಿಟ್ಟಾಗಲಿಲ್ಲ. ಎಳನೀರು, ಕತ್ತಿ ತಂದು ಮಗನ ಮುಂದಿಟ್ಟು, "ನೀವೇ ಕೆತ್ತಿಕೊಳ್ಳಿ ಅಣ್ಣಾ. ಒಳಗಿನ ನೀರಿಗೆ ನನ್ನ ಕೈ ತಾಗುದಿಲ್ಲ" ಅಂದು ದೂರ ಹೋಗಿ ಕೂತಳು. ನಾನು ಕುಡಿದೆ. ನಾಚಿಕೆಗೇಡಿ, ಎರಡು ಕುಡಿದೆ.

ಈಗ ಪಕ್ಕದ ಮನೆ ಸುಗ್ರಾ ಬಂದು, "ಸಮುದ್ರ ಹೆಂಗಿತ್ತು ಅವ್ವಾ?" ಅಂದಳು.

"ಉಪ್ಪಿತ್ತು, ಮತ್ತೇನಿರತದ" ಅಂದೆ. ನಕ್ಕು, ಬಾಳೆಹಣ್ಣು ಕೊಟ್ಟು ಹೋದಳು.

ಆಕೆ ಯಾವಾಗಲೂ ಹಂಗೇ. ರಂಜಾನಿಗೂ ಹಣ್ಣು, ನಮ್ಮ ಮೊಮ್ಮಗಳು ಹುಟ್ಟಿದಾಗಲೂ ಇಡೀ ತೆಂಗಿನಕಾಯಿ. ಕೈಯಾರೆ ಮಾಡಿದ್ದನ್ನು ಒಂದು ದಿನವೂ ತಂದಿಲ್ಲ. ಜಿಪುಣಿ ಅಂತ ಓಣಿಗೆಲ್ಲ ಹೇಳಿ ನಕ್ಕಿದ್ದೆ.

ಆಕೆಗೆ ನಾನು ಯಾವತ್ತು ಏನಂದಿದ್ದೆನೋ, ನೆನಪೂ ಇಲ್ಲ. ಆಕೆಗಂತೂ ಇರತದ.