ನಾಲ್ಕು ಹೆಸರಿನ ನಾಯಿಮರಿ

ಜೂನ್ 9, ಭಾನುವಾರ

ವಾಲ್ಪರಾಯ್ಸೊ. ಚಳಿಗಾಲ. ನಿನ್ನೆಯಿಂದ ಮಳೆಯಿಲ್ಲ.

ಮತ್ತೆ ಒದ್ದೆ. ಮಲಗುವ ಡಬ್ಬದಲ್ಲಲ್ಲ. ಡಬ್ಬದಿಂದ ಹೊರಗೆ ಬಂದು, ಅಡುಗೆಮನೆಯ ನಟ್ಟನಡುವೆ, ನೆಲದ ಎರಡು ಹಲಗೆ ಸೇರುವ ಕಡೆಯೇ. ಪೇಪರ್ ತೆಗೆದು, ವಿನಿಗರ್ ಹಾಕಿ ಒರೆಸಿ, ಬೇರೆ ಪೇಪರ್ ಹಾಸಿದ್ದಾಯಿತು. ಕಿಟಕಿ ತೆರೆದಿಟ್ಟೆ. ಈಗ ಮನೆ ತುಂಬ ವಿನಿಗರ್ ವಾಸನೆ ಮತ್ತು ಚಳಿ. ನಾಯಿಮರಿ ತೀಲೋ ಕುಳಿತು ನೋಡುತ್ತಿದ್ದ, ಬೇರೆ ಯಾರದೋ ಕೆಲಸ ಎಂಬಂತೆ.

ಮೆಟ್ಟಿಲ ಕೆಳಗೆ ಹುಟ್ಟಿದ ಮರಿಗಳಲ್ಲಿ ಕೊನೆಗೆ ಉಳಿದವನು ಇವನು. ಮೇ ತಿಂಗಳ ಮಳೆಯಲ್ಲಿ ನನ್ನ ಬಾಗಿಲಿಗೆ ಬಂದು ನಿಂತಿದ್ದ. ಒಳಗೆ ಬಿಟ್ಟೆ. ಯೋಚಿಸಿ ಮಾಡಿದ್ದಲ್ಲ.

ಮಧ್ಯಾಹ್ನ ಕೆಳಗಿನ ಮನೆಯ ದೊನ್ ಎವಾರಿಸ್ತೊ ಬಂದರು. ಬೇಕರಿಯವರು. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. ಸಂಜೆ ಏಳಕ್ಕೆಲ್ಲ ಮಲಗಿಬಿಡುತ್ತಾರೆ. ಅವರ ಮಂಚ ಸರಿಯಾಗಿ ನನ್ನ ಅಡುಗೆಮನೆಯ ಕೆಳಗೆ.

“ನೆರೆಯಮ್ಮಾ, ನಿಮ್ಮ ಸಿಂಕು ಸೋರ್ತಿದ್ಯಾ?”

ಇಲ್ಲ ಎಂದೆ.

“ಹಂಗಾದ್ರೆ ಸೋರೋದು ಬೇರೆ ಏನೋ,” ಎಂದು ನೆತ್ತಿ ಮುಟ್ಟಿಕೊಂಡು ಬೆರಳು ಮೂಸಿದರು. ತೀಲೋನ ಕಡೆ ನೋಡಿದರು. ಅವನು ಬಾಲ ಆಡಿಸಿದ.

ನೆರೆಯಮ್ಮ. ಈ ಗುಡ್ಡದಲ್ಲಿ ಎಲ್ಲರೂ ಎಲ್ಲರಿಗೂ ಹಾಗೇ ಅನ್ನುತ್ತಾರೆ. ಹೆಸರು ಗೊತ್ತಿರಬೇಕಾಗಿಲ್ಲ.

ಜೂನ್ 11, ಮಂಗಳವಾರ

ಲ್ಯಾಬ್‌ನಿಂದ ಬರುತ್ತಾ ಪಶುವೈದ್ಯೆಯನ್ನು ಕಂಡೆ. ಚಿಕ್ಕ ವಯಸ್ಸಿನವಳು, ಖಚಿತವಾಗಿ ಮಾತಾಡುತ್ತಾಳೆ. ಸಂಜೆಯ ಊಟ ಬೇಗ. ಆಮೇಲೆ ನೀರಿನ ಬಟ್ಟಲು ಎತ್ತಿಡುವುದು. ಮಲಗುವ ಮುಂಚೆ ಒಮ್ಮೆ ಹೊರಗೆ, ನಡುರಾತ್ರಿ ಒಮ್ಮೆ. ಡಬ್ಬ ಚಿಕ್ಕದಿರಲಿ—ಮಲಗುವ ಜಾಗವನ್ನು ಯಾವ ಮರಿಯೂ ಹೊಲಸು ಮಾಡಿಕೊಳ್ಳುವುದಿಲ್ಲ. ನಡುವೆ ಕುಂಯ್‌ಗುಟ್ಟಿದರೆ ತಡಮಾಡದೆ ಕರೆದೊಯ್ಯುವುದು. ರಾತ್ರಿ ಹೊರಗೆ ಕರೆದೊಯ್ದಾಗ ಮಾತಾಡಿಸಬಾರದು, ಆಟ ಅಂದುಕೊಳ್ಳುತ್ತಾನೆ.

ಮಾತಾಡಿಸದಿರುವುದು ನನಗೆ ಕಷ್ಟವಿಲ್ಲ.

ಕುಂಯ್‌ಗುಟ್ಟುವುದು ಬೇರೆ ವಿಷಯ. ಮೂವತ್ತು ವರ್ಷ ಲ್ಯಾಬ್‌ನಲ್ಲಿ ಕೃತಕ ಹಲ್ಲಿನ ಸೆಟ್ ಉಜ್ಜುವ ಮೆಷಿನ್ ಮುಂದೆ ಕುಳಿತು ಮಂದವಾದ ಕಿವಿ. ಹಗಲು ಕಿವಿಯಂತ್ರ ಹಾಕಿಕೊಂಡರೆ ಎಲ್ಲ ಕೇಳುತ್ತದೆ. ಕೂದಲು ಇಳಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ರಾತ್ರಿ ತೆಗೆದಿಟ್ಟ ಮೇಲೆ ಬಂದರಿನ ಹಡಗು ಕೂಗಿದರೂ ಗೊತ್ತಾಗುವುದಿಲ್ಲ. ವೈದ್ಯೆಗೆ ಹೇಳಲಿಲ್ಲ. ಫೋನನ್ನು ಅದುರುವಂತೆ ಮಾಡಿ ದಿಂಬಿನ ಕೆಳಗೆ ಇಟ್ಟುಕೊಂಡರೆ ನಡುರಾತ್ರಿಯ ಸರದಿಗೆ ಏಳಬಹುದು. ಅಷ್ಟು ಸಾಕು.

ಜೂನ್ 16, ಭಾನುವಾರ

ಎಲ್ಲ ಹೇಳಿದಂತೆಯೇ ಮಾಡುತ್ತಿದ್ದೇನೆ. ನೀರು ಎತ್ತಿಡುತ್ತೇನೆ. ಒಂದು ಗಂಟೆಗೆ ಎದ್ದು, ಕೋಟು ಹಾಕಿ, ಮೆಟ್ಟಿಲ ಪಕ್ಕದ ಜಲ್ಲಿಗೆ ಕರೆದೊಯ್ಯುತ್ತೇನೆ. ಮಾಡುತ್ತಾನೆ. ಬೆಳಿಗ್ಗೆ ಎದ್ದರೆ ಹಲಗೆ ಮತ್ತೆ ಒದ್ದೆ. ಇಷ್ಟು ಸಣ್ಣ ದೇಹದಲ್ಲಿ ಇಷ್ಟು ನೀರು ಎಲ್ಲಿಂದ...

ಅಕ್ಕ ಒಲಾಯಾ ಫೋನ್ ಮಾಡಿದಳು. ಅವಳಿರುವ ರಾಂಕಾಗ್ವಾದಲ್ಲೂ ಚಳಿಯಂತೆ. ಗಂಡ ಹೊಸ ಹೀಟರ್ ತಂದಿದ್ದಾನಂತೆ. ಅರವತ್ತಕ್ಕೆ ಮದುವೆಯಾದ ಅಕ್ಕ ‘ನಮ್ಮವರು’ ಅನ್ನುವುದನ್ನು ಕೇಳಲು ಇನ್ನೂ ಅಭ್ಯಾಸವಾಗಿಲ್ಲ. ಅಷ್ಟು ವರ್ಷ ‘ನಾವು’ ಅಂದರೆ ನಾವಿಬ್ಬರೇ ಆಗಿದ್ದೆವು.

“ನೊಲ್ಫಾ, ಇವತ್ತು ನನ್ನ ಬಿಟ್ಟು ಯಾರ ಹತ್ರ ಮಾತಾಡ್ದೆ?”

ನಾಯಿಯ ಹತ್ತಿರ ಎಂದೆ. ಅದು ಲೆಕ್ಕಕ್ಕಿಲ್ಲ ಎಂದಳು. ನಿಜ ಹೇಳಬೇಕೆಂದರೆ, ಅವನ ಹತ್ತಿರವೂ ಅಷ್ಟಾಗಿ ಆಡುವುದಿಲ್ಲ. ಆದರೆ ಏಳು ಗಂಟೆಗೆ ಮೆಟ್ಟಿಲು ಹತ್ತಿ ಬರುವಾಗ ಬಾಗಿಲ ಮುಂದೆಯೇ ಕುಳಿತಿರುತ್ತಾನೆ. ಹಗಲು ಇಲ್ಲಿ ಯಾರೂ ನಾಯಿಯನ್ನು ಕೂಡಿಹಾಕುವುದಿಲ್ಲ. ನಾನೂ ಮೆಟ್ಟಿಲ ಮೇಲೆ ಬಿಟ್ಟೇ ಹೋಗುತ್ತೇನೆ. ಎಲ್ಲಿ ಬೇಕಾದರೂ ಹೋಗಬಹುದು. ಹೋಗುವುದಿಲ್ಲ. ಇಡೀ ದಿನ ಕಾಯುತ್ತಾನೆ.

ಜೂನ್ 20, ಗುರುವಾರ

ದೊನ್ ಎವಾರಿಸ್ತೊ ಮತ್ತೆ. ಈ ಸಲ ಕೈಯಲ್ಲಿ ದಿಂಬು—ಸಾಕ್ಷಿಗೆ. ಮಂಚ ಸರಿಸಿದ್ದಾರಂತೆ.

“ಆ ಮೂಲೆಗೆ ಹಾಕ್ದೆ. ಅಲ್ಲಿ ಮಳೆ ಸೋರತ್ತೆ. ಈ ಮೂಲೇಲಿ ನಾಯಿ. ಮಧ್ಯದಲ್ಲಿ ಒಲೆ. ನೀವೇ ಹೇಳಿ, ಯಾವುದನ್ನ ಆರಿಸ್ಕೊಳ್ಳಲಿ?”

ನಗಲಿಲ್ಲ. ನಾನೂ ನಗಲಿಲ್ಲ. ಆಮೇಲೆ ದನಿ ತಗ್ಗಿಸಿ, ತಾನು ಜಗಳಗಂಟನಲ್ಲ, ಆದರೆ ನಿದ್ದೆಗೆಟ್ಟವನು ಉರಿಯುವ ಒಲೆಯ ಮುಂದೆ ನಿಲ್ಲಬಾರದು ಎಂದರು. ಜುಲೈ ಮಧ್ಯದ ಚರ್ಚಿನ ಕನ್ಯಾಮಾತೆಯ ಹಬ್ಬದವರೆಗೆ ನೋಡುತ್ತಾರಂತೆ. ಅಷ್ಟರೊಳಗೆ ನಿಲ್ಲದಿದ್ದರೆ ಮನೆಯೊಡತಿಗೆ ಹೇಳಬೇಕಾಗುತ್ತದೆ. ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು. ಬಾಡಿಗೆ ಒಪ್ಪಂದದಂತೆ ಪ್ರಾಣಿ ಸಾಕುವಂತಿಲ್ಲ.

ಹೋಗುವಾಗ ಬಗ್ಗಿ ತೀಲೋನ ಕಿವಿ ಹಿಂಡಿದರು. “ಏನಪ್ಪಾ ಸೋರಿಕೆ,” ಎಂದರು. ಅವನು ಅವರ ಕೈಯ ಹಿಟ್ಟು ನೆಕ್ಕಿದ.

ಜೂನ್ 26, ಬುಧವಾರ

ಲ್ಯಾಬ್‌ನಲ್ಲಿ ಕರೆಂಟ್ ಹೋಯಿತು. ಎಲ್ಲರನ್ನೂ ಬೇಗ ಬಿಟ್ಟರು. ಐದೂವರೆಗೆ ಗುಡ್ಡ ಹತ್ತುತ್ತಿದ್ದೆ. ಈ ಹೊತ್ತಿನಲ್ಲಿ ನಮ್ಮ ಮೆಟ್ಟಿಲ ಸಾಲನ್ನು ನಾನು ನೋಡಿರಲೇ ಇಲ್ಲ. ಓನ್ಸೆಯ ಹೊತ್ತು—ಎಲ್ಲ ಮನೆಯಲ್ಲೂ ಟೀ, ಸುಟ್ಟ ಬ್ರೆಡ್ಡಿನ ವಾಸನೆ.

ತೀಲೋ ಬಾಗಿಲಲ್ಲಿ ಇರಲಿಲ್ಲ. ಯಾಸ್ನಾಳ ಮನೆಯಲ್ಲಿದ್ದ—ಹಸಿರು ತಗಡಿನ ಮನೆ, ಅವಳಿ ಹೆಣ್ಣುಮಕ್ಕಳ ತಾಯಿ. ಮಕ್ಕಳು “ಹತ್ತೀ, ಹತ್ತೀ” ಎಂದು ತಾವಿಟ್ಟ ಹೆಸರಿನಿಂದ ಕರೆದು ಮೊಸರಿನ ಡಬ್ಬಿ ನೆಕ್ಕಿಸುತ್ತಿದ್ದರು. ಮುಗಿಸಿ, ಯಾರೂ ಕರೆಯದೆಯೇ ಪಕ್ಕದ ಬಾಗಿಲಿಗೆ ಹೋದ. ಅದು ದೋನ್ಯಾ ಸುನಿಲ್ದಾ ಅವರ ಮನೆ. ಎಂಬತ್ತು ದಾಟಿದ ಮುದುಕಿ, ಮುಂಚೆ ಹೊಲಿಗೆ ಮಾಡುತ್ತಿದ್ದವರು. ಬಾಗಿಲು ಅರ್ಧ ತೆರೆದೇ ಇತ್ತು.

“ಬಂದ್ಯಾ ದೊರೆ? ತಡ ಮಾಡ್ದಲ್ಲ. ಆರಿಹೋಗ್ತಿತ್ತು.”

ಕಿಟಕಿಯಿಂದ ಕಂಡಿತು. ಮೇಜಿನ ಮೇಲೆ ಒಂದು ಕಪ್ಪು. ನೆಲದ ಮೇಲೆ ಒಂದು ಬಟ್ಟಲು, ತಟ್ಟೆಯ ಮೇಲಿಟ್ಟದ್ದು—ಹಾಲು ಬೆರೆಸಿದ ಟೀ, ಅದರಲ್ಲಿ ಬ್ರೆಡ್ಡು. ಕುಡಿದ. ಕುಡಿದ. ಪಶುವೈದ್ಯೆಗೆ ತೋರಿಸಬೇಕಿತ್ತು, ನೀರು ಎಲ್ಲಿಂದ ಎಂದು.

ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು “ತೀಲೋ” ಎಂದೆ. ಇನ್ನೊಮ್ಮೆ ಎಂದೆ. ತಲೆ ಎತ್ತಲಿಲ್ಲ.

ಮನೆಗೆ ಹೋಗಿ ಕಾದೆ. ಏಳಾಗುವ ಹೊತ್ತಿಗೆ ಬಾಗಿಲ ಮುಂದೆ ಬಂದು ಕುಳಿತ. ಇಡೀ ದಿನ ಕಾದವನಂತೆ.

ಜೂನ್ 27, ಗುರುವಾರ

ಮನೆಮನೆಗೆ ಹೋಗಿ ಹೇಳಬಹುದಿತ್ತು. ಹೇಳಿದರೆ ಒಳಗೆ ಕರೆಯುತ್ತಾರೆ. ಕುಳಿತುಕೊಳ್ಳಬೇಕು. ಟೀ ಬೇಡ ಅನ್ನಬೇಕು.

ಕಂಪ್ಯೂಟರ್‌ನಲ್ಲಿ ಬರೆದು, ಲ್ಯಾಬ್‌ನಲ್ಲಿ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಹಾಕಿ, ಮೆಟ್ಟಿಲ ಬುಡದ ದೀಪದ ಕಂಬಕ್ಕೆ ಕಟ್ಟಿದೆ. “ಕಂದು ನಾಯಿಮರಿಗೆ ಸಂಜೆ ನಾಲ್ಕರ ನಂತರ ಆಹಾರ, ಹಾಲು, ಟೀ ಕೊಡಬಾರದಾಗಿ ವಿನಂತಿ. ವೈದ್ಯರ ಸಲಹೆ. ವಂದನೆಗಳು. ಮಾಲೀಕರು.”

ಕಟ್ಟಿದ ಮೇಲೆ ಕೊನೆಯ ಪದ ಸರಿ ಕಾಣಲಿಲ್ಲ. ಹಾಗೇ ಬಿಟ್ಟೆ.

ಜುಲೈ 2, ಮಂಗಳವಾರ

ಒಣ. ಹಲಗೆ, ಪೇಪರ್, ಡಬ್ಬ, ಎಲ್ಲ. ಕಾಗದ ಕಟ್ಟಿದಾಗಿನಿಂದ ದಿನವೂ.

ಎಲ್ಲರೂ ಪಾಲಿಸುತ್ತಿದ್ದಾರೆ, ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ. ತೀಲೋನ ಜೊತೆ ಬ್ರೆಡ್ ತರಲು ಹೋದಾಗ ಎದುರಿಗೆ ಬಂದ ಯಾಸ್ನಾ ಮಕ್ಕಳ ಕೈ ಹಿಡಿದು ಆ ಬದಿಗೆ ಸರಿದಳು. ಒಂದು ಮಗು ನಾಯಿಯ ಕಡೆ ಕೈ ಚಾಚಿತು. ತಾಯಿ ಎಂದಳು, “ಮುಟ್ಬೇಡ ಮರಿ. ಅದಕ್ಕೆ ಮಾಲೀಕರಿದಾರೆ.”

ನನಗೆ ಕೇಳುವಂತೆಯೇ ಹೇಳಿದಳು. ಕಿವಿಯಂತ್ರ ಹಾಕಿದ್ದೆ.

ದೊನ್ ಎವಾರಿಸ್ತೊ ಬಾಗಿಲಲ್ಲಿ ನಿಂತು, ಮಂಚ ಹಳೇ ಜಾಗಕ್ಕೆ ಬಂತು ಎಂದರು. ಧನ್ಯವಾದ ಹೇಳಿದರು. ಸೋರಿಕೆ ಎನ್ನಲಿಲ್ಲ.

ಜುಲೈ 6, ಶನಿವಾರ

ಇವತ್ತೂ ಒಣ.

ಶನಿವಾರ ರಜೆ. ಮಧ್ಯಾಹ್ನದಿಂದ ತೀಲೋ ಮೆಟ್ಟಿಲ ಮೇಲೆ. ಐದೂವರೆಗೆ ಎದ್ದು ಹಸಿರು ಮನೆಗೆ ಹೋದ, ಬಾಗಿಲು ಹಾಕಿತ್ತು. ಸುನಿಲ್ದಾ ಅವರ ಬಾಗಿಲಿಗೆ ಹೋದ. ಹಾಕಿತ್ತು. ಅಲ್ಲೇ ಕುಳಿತ. ಮೂತಿ ಹೊಸ್ತಿಲಿಗೆ ಒತ್ತಿ.

ಕರೆತರಲು ಹೋದೆ. ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಮುದುಕಿ ನನ್ನನ್ನು ನೋಡಿ, ಕೊಟ್ಟಿಲ್ಲ ಎಂದು ಖಾಲಿ ಕೈ ತೋರಿಸಿದರು. ಕಳ್ಳತನದ ಆರೋಪ ಹೊತ್ತವರ ಹಾಗೆ. ನಾನು ವಿವರಿಸಿದೆ—ಹಲಗೆ, ಸೋರುವುದು, ಕೆಳಗಿನ ಮಂಚ, ಒಡತಿ. ಸುನಿಲ್ದಾ ಪೂರ್ತಿ ಕೇಳಿದರು.

“ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಮಗಳೇ. ಕಂಬಕ್ಕೆ ಯಾಕ್ ಹೇಳ್ದೆ?”

ಬಗ್ಗಿ ತೀಲೋನ ಕೊರಳು ಸವರಿದೆ.

“ನೀನು ಹೇಳಿದ್ದು ಸರಿನೇ. ನಾಯಿಗೆ ಟೀ ಯಾರಾದ್ರೂ ಕೊಡ್ತಾರಾ?” ಚೌಕಟ್ಟಿನ ಬಣ್ಣದ ಸಿಪ್ಪೆ ಕೀಳುತ್ತಾ ಮುಂದುವರಿಸಿದರು. “ಓನ್ಸೆಗೆ ಒಬ್ಬಳೇ ಕೂತ್ರೆ ನಂಗೆ ಬ್ರೆಡ್ಡು ಇಳಿಯಲ್ಲ. ಅವನು ಬಂದ್ರೆ ಇಳೀತಿತ್ತು. ಅಷ್ಟೇ.”

ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ.

ತೀಲೋನನ್ನು ಎತ್ತಿಕೊಂಡು ಮೇಲೆ ಬಂದೆ. ನನ್ನ ಟೀ ಮಾಡಿಕೊಂಡೆ. ಕಾದಂಬರಿ ತೆರೆದೆ; ಒಂದೇ ಪುಟ ಹಲವು ಸಲ ಓದಿದೆ.

ಜುಲೈ 7, ಭಾನುವಾರ

ಬೆಳಿಗ್ಗೆ, ಯಾರೂ ಏಳುವ ಮುಂಚೆ, ಕಂಬದ ಕಾಗದ ಬಿಚ್ಚಿದೆ.

ಒಲಾಯಾ ಫೋನ್. ಯಾರ ಹತ್ತಿರ ಮಾತಾಡಿದೆ ಎಂದು ಕೇಳಿದಳು. ಪಕ್ಕದ ಅಜ್ಜಿಯ ಹತ್ತಿರ ಎಂದೆ. ಸಂತೋಷಪಟ್ಟಳು. ಏನು ಮಾತು ಎಂದು ಹೇಳಲಿಲ್ಲ.

ಸಂಜೆ ಸುನಿಲ್ದಾ ಅವರ ಬಾಗಿಲು ಅರ್ಧ ತೆರೆದಿತ್ತು.

ಜುಲೈ 9, ಮಂಗಳವಾರ, ಬೆಳಿಗ್ಗೆ

ಒದ್ದೆ. ನಿನ್ನೆಯೂ ಒದ್ದೆ. ವಿನಿಗರ್ ಮುಗಿದಿದೆ. ಹಬ್ಬಕ್ಕೆ ಇನ್ನೊಂದು ವಾರ.

ಅದೇ ದಿನ, ಸಂಜೆ

ಲ್ಯಾಬ್‌ನಿಂದ ಬಂದಾಗ ದೊನ್ ಎವಾರಿಸ್ತೊ ನನ್ನ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರ ಮಲಗುವ ಹೊತ್ತು. ತೀಲೋ ಅವರ ಪಾದದ ಮೇಲೆ ಮಲಗಿದ್ದ. ಒಡತಿಗೆ ಹೇಳಿಬಿಟ್ಟರು ಎಂದುಕೊಂಡೆ.

“ಕಾಗದ ಕಿತ್ತಿದೀರಿ.”

ಹೌದು ಎಂದೆ.

“ನೆತ್ತಿ ಮೇಲೆ ಬಿದ್ದಾಗ ಗೊತ್ತಾಯ್ತು.” ತೀಲೋನ ಬೆನ್ನು ಸವರಿದರು. “ಅದು ಅಳತ್ತೆ ನೆರೆಯಮ್ಮಾ. ಮಾಡೋ ಮುಂಚೆ ಅಳತ್ತೆ. ಬಾಗಿಲು ಕೆರಿಯತ್ತೆ. ಪಾಪ, ಹೇಳಿಯೇ ಮಾಡತ್ತೆ. ನಾನು ಕೆಲಸಕ್ಕೆ ಏಳೋ ಹೊತ್ತಿಗೆ, ಮೂರೂವರೆ ಆಸುಪಾಸು. ನಿಮಗೆ ಕೇಳಲ್ವಾ?”

ಗಾಢ ನಿದ್ದೆ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕಿವಿಯ ಕಡೆ ನೋಡಿದರೋ ಏನೋ, ತಿಳಿಯಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: ಹೇಗೂ ಆ ಹೊತ್ತಿಗೆ ತಾನು ಹೊರಡುವವನು. ಮೇಲೆ ಬಂದು, ಮರಿಯನ್ನು ಜಲ್ಲಿಗೆ ಕರೆದೊಯ್ದು, ತಿರುಗಿ ತಂದು ಬಿಟ್ಟು, ಬೇಕರಿಗೆ ಹೋಗಬಹುದು. ಮುದುಕಿಯ ಟೀಯೂ ನಿಲ್ಲಬೇಕಾಗಿಲ್ಲ, ತನ್ನ ನೆತ್ತಿಯೂ ಒಣಗಿರುತ್ತದೆ. ಆದರೆ ಬಾಗಿಲು ತಟ್ಟಿದರೆ ಪ್ರಯೋಜನವಿಲ್ಲ—

“ಒಂದೆರಡು ಸಲ ತಟ್ಟಿ ನೋಡಿದೀನಿ. ನೀವು ಏಳ್ಲಿಲ್ಲ. ಬೀಗದ ಕೈ ಇದ್ರೆ ಆಗತ್ತೆ. ಅಡುಗೆಮನೆ ದಾಟಿ ಒಂದ್ ಹೆಜ್ಜೆನೂ ಇಡಲ್ಲ. ಒಳಬಾಗಿಲಿಗೆ ಚಿಲಕ ಹಾಕ್ಕೊಳ್ಳಿ ಬೇಕಾದ್ರೆ.”

ಯೋಚಿಸುತ್ತೇನೆ ಎಂದೆ. ಯೋಚಿಸಿ, ಅವಸರವಿಲ್ಲ ಎಂದರು, ಹಬ್ಬದವರೆಗೆ ಸಮಯವಿದೆಯಲ್ಲ. ಎದ್ದು ಪ್ಯಾಂಟಿನ ಹಿಂದೆ ಕೊಡವಿಕೊಂಡರು. ಹಿಟ್ಟು ಹಾರಿತು.

ತಟ್ಟಿದ್ದರಂತೆ. ನನಗೆ ಗೊತ್ತೇ ಆಗಲಿಲ್ಲ. ಈ ಮನೆಗೆ ಬಂದು ಒಂದು ವರ್ಷ, ಯಾರೂ ಬಾಗಿಲು ತಟ್ಟುವುದಿಲ್ಲ ಎಂದುಕೊಂಡಿದ್ದೆ.

ಜುಲೈ 10, ಬುಧವಾರ, ರಾತ್ರಿ ಒಂಬತ್ತು

ಮನೆಗೆ ಬಂದ ವಾರವೇ ಇನ್ನೊಂದು ಬೀಗದ ಕೈ ಮಾಡಿಸಿದ್ದೆ, ಒಲಾಯಾಗೆಂದು. ಕೊಡುವ ಸಂದರ್ಭ ಬರಲಿಲ್ಲ. ಇವತ್ತು ಹುಡುಕಿ ತೆಗೆದೆ. ಹೊಸದು, ಹಲ್ಲುಗಳು ಇನ್ನೂ ಚೂಪು. ಬೀಗಕ್ಕೆ ಹಾಕಿ ತಿರುಗಿಸಿದೆ. ಸ್ವಲ್ಪ ಬಿಗಿ. ಎಣ್ಣೆ ಹಾಕಿ ಮತ್ತೆ ತಿರುಗಿಸಿದೆ. ತೆರೆಯುತ್ತದೆ.

ಮೇಜಿನ ಮೇಲಿಟ್ಟಿದ್ದೇನೆ.

ಇನ್ನು ಮೇಲೆ ದಿನಾ ನಸುಕಿನಲ್ಲಿ ಒಬ್ಬರು ಮನೆಯೊಳಗೆ ಬಂದು ಹೋಗುತ್ತಾರೆ. ನನಗೆ ಕೇಳಿಸುವುದಿಲ್ಲ. ಬೆಳಿಗ್ಗೆ ಒಣ ಪೇಪರ್ ನೋಡಿ ಬಂದಿದ್ದರು ಎಂದು ತಿಳಿದುಕೊಳ್ಳಬೇಕು. ವಿಚಿತ್ರ. ಭಯವಾಗಬೇಕಿತ್ತು. ಇಲ್ಲ—ಸ್ವಲ್ಪ ಆಗುತ್ತಿದೆ, ಆದರೆ ಭಯ ಅದರ ಬಗ್ಗೆ ಅಲ್ಲ.

ಕೊಡುವಾಗ ಗಾಢ ನಿದ್ದೆ ಎಂದಿದ್ದು ಸುಳ್ಳು ಎಂದೂ ಹೇಳಬೇಕು. ಕೂದಲು ಸರಿಸಿ ತೋರಿಸಿದರೆ ಸಾಕು, ಮಾತು ಬೇಕಾಗಲಾರದು. ಸರಿಸಲು ಕೈ ಏಳಬೇಕು.

ಕೊಡುತ್ತೇನೆ. ನಾಳೆ ಲ್ಯಾಬ್‌ನಿಂದ ಬೇಗ ಹೊರಟು, ಅವರು ಮಲಗುವ ಮುಂಚೆ. ಒಳಬಾಗಿಲಿಗೆ ಚಿಲಕ ಹಾಕಬೇಕೋ ಬೇಡವೋ, ಇನ್ನೂ ಗೊತ್ತಿಲ್ಲ.