ಹೆಬ್ಬಾಳದ ಏರಿಗೆ ಹದಿನೈದು ಕುದುರೆ

ಅಟ್ಟೂರು ಲೇಔಟ್, ಯಲಹಂಕ
೨೫-೮-೨೦೧೩, ಭಾನುವಾರ

ನನ್ನ ನೂರ್‌ಜಹಾನ್‌ಗೆ,

ಗಂಗರತ್ನ ಕೇಳುತ್ತಿದ್ದಾಳೆ: ಮೊಣಕಾಲು ಹೇಗಿದೆ, ಮಗಳು ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೋ ಇಲ್ಲವೋ? ನಾವಿಲ್ಲಿ ಉಂಡುಟ್ಟು ಚೆನ್ನಾಗಿದ್ದೇವೆ. ರಂಜಾನ್‌ಗೆ ಮುಂಚೆ ನೀನು ಶಿಡ್ಲಘಟ್ಟದಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಮುಖ ಊದಿಸಿಕೊಳ್ಳಬೇಡ. ವರಮಹಾಲಕ್ಷ್ಮಿ ಹಬ್ಬ ಒಂದು ಕಡೆ, ನಮ್ಮ ಮನೆಯ ಕಾರಿನ ರಂಪ ಇನ್ನೊಂದು ಕಡೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಕೇಳುವಷ್ಟು ಜೋರಾಗಿ ಕೂಗಿದರೆ ನಮ್ಮ ಬೀದಿಗೆಲ್ಲ ಸುದ್ದಿ. ಈ ಸುದ್ದಿ ಮುಖ್ಯವಾಗಿ ನಮ್ಮ ಯಜಮಾನರ ಕಿವಿಗೆ ಬೀಳಬಾರದು. ಅವರು ಉಂಡು ಮಲಗಿದ್ದಾರೆ, ಗೊರಕೆ ಕೇಳಿಸುತ್ತಿದೆ, ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಕ್ಲಾಸಿನ ಅಕ್ಷರ, ತಿದ್ದಿಕೊಂಡು ಓದು.

ವಿಷಯ ನಮ್ಮ ಬೂದು ಬಣ್ಣದ ಕಾರಿನದು. ಫ್ಯಾಕ್ಟರಿ ಬಸ್ಸು ಓಡಿಸುವ ಕೆಲಸದಿಂದ ರಿಟೈರಾದ ಮೇಲೆ ಇವರು ಕೊಂಡ ಹಳೆಯ ಡೀಸೆಲ್ ಗಾಡಿ, ಟರ್ಬೋ ಇರುವಂಥದು. ನಿನ್ನ ಯಜಮಾನರು ಖಾದರ್ ಬಾಷಾ ಭಾಯಿಯೇ ಬಾನೆಟ್ ಎತ್ತಿ, ಇಂಜಿನ್ನಿನ ಸದ್ದು ಕೇಳಿ, ತೆಗೆದುಕೊಳ್ಳಿ ಅಂದದ್ದು. ಆ ಪುಣ್ಯಾತ್ಮ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಶಿವರಾತ್ರಿಯಿಂದ ಇವರದು ಒಂದೇ ರಾಗ. "ಗಾಡಿ ಸೊರಗೋಗೈತೆ ರತ್ನಿ, ಎಳೀತಾನೇ ಇಲ್ಲ." ನಿಜ ಕೂಡ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಹಿಂದಿನವರೆಲ್ಲ ಹಾರನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತಿದ್ದರು. ಒಂದು ದಿನ ಕೋಸಿನ ಮೂಟೆ ತುಂಬಿಕೊಂಡಿದ್ದ ಆಟೋದವನು ಪಕ್ಕಕ್ಕೆ ಬಂದು, "ತಾತ, ಇಳಿದು ತಳ್ಲಾ?" ಎಂದು ಕೇಳಿಯೇಬಿಟ್ಟ. ಜಾಲಹಳ್ಳಿ ಫ್ಯಾಕ್ಟರಿ ಗೇಟಿಗೆ ಒಂದು ದಿನವೂ ತಡವಾಗಿ ಬಸ್ಸು ತಂದವರಲ್ಲ ಇವರು, ನಿನಗೆ ಗೊತ್ತಲ್ಲ. ಅವತ್ತು ಮುದ್ದೆ ಮುಟ್ಟಲಿಲ್ಲ.

"ಮಾರ್ಬುಡ್ತೀನಿ. ಸ್ಟೇರಿಂಗ್ ಬುಟ್ಟು ನಾನೂ ಮೂಲೇಲಿ ಕುಂತ್ಕೊಂತೀನಿ."

"ಕುಂತ್ಕಳಿ. ಮೂಲೆಗೂ ಒಂದು ಹಾರನ್ ಇಡ್ಸಿಕೊಡ್ತೀನಿ," ಅಂದೆ.

ಬಾಯಲ್ಲಿ ಅಂದೆ ಅಷ್ಟೆ. ಸ್ಟೇರಿಂಗ್ ಬಿಟ್ಟ ಈ ಮನುಷ್ಯನನ್ನು ನಾನು ಕಂಡೇ ಇಲ್ಲ. ನಮ್ಮಪ್ಪ ನನ್ನನ್ನು ತೋರಿಸಿದಾಗಲೂ ಇವರು ಲಾರಿಯಿಂದ ಕೆಳಗಿಳಿಯದೆ ಕಿಟಕಿಯಿಂದಲೇ ನೋಡಿ ಒಪ್ಪಿಕೊಂಡವರು.

ಮೊಮ್ಮಗ ಸತೀಶ ಮೊಬೈಲಿನಲ್ಲಿ ಏನೋ ಓದಿಕೊಂಡು ಬಂದ. "ತಾತ, ಇಂಜಿನ್‌ಗೆ ಒಂದು ಕಂಪ್ಯೂಟರ್ ಇರುತ್ತೆ. ಅದರಲ್ಲಿ ಬರೆದಿರೋದನ್ನ ಬದಲಾಯಿಸಿದ್ರೆ ನಲವತ್ತು ಕುದುರೆ ಬಲ ಜಾಸ್ತಿ ಆಗುತ್ತಂತೆ!" ನಲವತ್ತು ಕುದುರೆ ಎಂದ ಕೂಡಲೇ ಇವರ ಕಣ್ಣು ಅರಳಿತು. ಒಂದು ಕುದುರೆಗೆ ಮುದ್ದೆ ತಿರುವಿ ನನಗೆ ಸಾಕಾಗಿದೆ, ಇನ್ನು ನಲವತ್ತು ಬೇರೆಯೇ ಅಂದೆ. ಯಾರು ಕೇಳುತ್ತಾರೆ? ಆ ಕೆಲಸ ಮಾಡುವವನು ಆರ್.ಟಿ. ನಗರದಲ್ಲಿ ಅಂಗಡಿ ಇಟ್ಟಿರುವ ನಿನ್ನ ಮೊಮ್ಮಗ ಮುಕ್ತಾರನೇ ಎಂದು ತಿಳಿದ ಮೇಲೆ ನಾನೂ ಹೊರಟೆ. ನೀನು ಅವನ ಕೈಯಲ್ಲಿ ಕಳಿಸಿದ್ದ ಶೀರ್ ಕುರ್ಮಾ ಪಾಯಸದ ಡಬ್ಬಿ ಬೇರೆ ವಾಪಸು ಕೊಡಬೇಕಿತ್ತು.

ನಿನ್ನ ಮೊಮ್ಮಗ ಬಾಯಾಳಿ ಕಣೇ, ನಿನ್ನ ಹಾಗೆಯೇ. ಆದರೆ ಸುಳ್ಳು ಹೇಳಲಿಲ್ಲ. "ನಲವತ್ತು ಅಂತ ಬೋರ್ಡ್ ಹಾಕೋರು ಇದಾರೆ ತಾತ, ಅವರತ್ರ ಹೋಗಿ. ಆಮೇಲೆ ಕ್ಲಚ್ ಸುಟ್ಕೊಂಡು ನನ್ನತ್ರಾನೇ ಬರ್ತೀರ. ಹತ್ತು ವರ್ಷದ ಗಾಡಿ, ಹಳೇ ಟರ್ಬೋ. ಹದಿನೈದು ಕೊಡ್ತೀನಿ, ದೇವರು ಒಳ್ಳೇದು ಮಾಡಿದ್ರೆ ಹದಿನೆಂಟು. ಅದೂ ಮೊದಲು ಇರೋ ರೋಗ ವಾಸಿ ಮಾಡ್ಕೊಂಡು."

ಅವನು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಟರ್ಬೋ ಎಂದರೆ ಒಲೆಗೆ ಊದುಗೊಳವೆ. ಗಾಳಿ ಹೆಚ್ಚು ಹೋದರೆ ಸೌದೆ ಹೆಚ್ಚು ಹಾಕಬಹುದು, ಉರಿಯೂ ಹೆಚ್ಚು. ಕಂಪ್ಯೂಟರ್ ಎಂದರೆ ಅತ್ತೆ. ಇಷ್ಟೇ ಸೌದೆ ಹಾಕು, ಇಷ್ಟೇ ಊದು ಎಂದು ಅಳತೆ ಹೇಳಿ ಕೂತಿರುತ್ತಾಳೆ. ಕಂಪನಿಯ ಅತ್ತೆ ಪುಕ್ಕಲಿ, ಎಲ್ಲ ಊರಿಗೂ ಎಲ್ಲ ಡೀಸೆಲ್ಲಿಗೂ ಆಗಲಿ ಎಂದು ಕೈ ಹಿಡಿದೇ ಹೇಳಿರುತ್ತಾಳೆ. ಮುಕ್ತಾರ ಆ ಅಳತೆಯನ್ನು ಸ್ವಲ್ಪ ಸಡಿಲಿಸುತ್ತಾನೆ. ವಿಪರೀತ ಸಡಿಲಿಸಿದರೆ ಪಾತ್ರೆ ತೂತಾಗುತ್ತದೆ.

ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ ಬಲ ಅಳೆಯುವ ಯಂತ್ರವಿರುವ ಕಡೆಗೆ ಕರೆದುಕೊಂಡು ಹೋದ. ಸತೀಶನೇ ಕೂತು ಓಡಿಸಿದ. ಹೊಸದರಲ್ಲಿ ನೂರು ಕುದುರೆಯಿದ್ದ ಗಾಡಿಯಲ್ಲಿ ಈಗಲೂ ತೊಂಬತ್ತೇಳಿತ್ತು. ಗಾಳಿಯ ಕೊಳವೆಯೊಂದು ಸೀಳಿತ್ತು, ಅದನ್ನು ಬದಲಾಯಿಸಿದ. ಆಮೇಲೆ ಲ್ಯಾಪ್‌ಟಾಪ್ ಚುಚ್ಚಿ ಅದೇನೋ ಬರೆದು ಮತ್ತೆ ಅಳೆದ. ನೂರಾ ಹನ್ನೆರಡು. "ಬಂತು ನೋಡಿ ಅಜ್ಜಿ, ಮಾತಿಗೆ ತಪ್ಪಲಿಲ್ಲ!" ಎಂದು ಎದೆಯುಬ್ಬಿಸಿದ. ಅಷ್ಟು ಸೊರಗಿದ ಗಾಡಿಯಲ್ಲಿ ತೊಂಬತ್ತೇಳು ಹೇಗಿತ್ತು ಎಂದು ಆಗಲೇ ಕೇಳಬೇಕಿತ್ತು. ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ವಾಪಸು ಬರುವಾಗ ಸತೀಶ ಓಡಿಸಿದ. ಹೆಬ್ಬಾಳದ ಏರಿನಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಎಲೆಅಡಿಕೆ ನುಂಗಿಬಿಟ್ಟೆ. ಇವರು ಮಗುವಿನ ಹಾಗೆ ನಕ್ಕರು. ಮಾರನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಸಂಜಯನಗರದ ಬೀಗರ ಮನೆಗೆ ಹೋಗೋಣ ನಡಿ ಎಂದು ನನ್ನನ್ನು ಕೂರಿಸಿಕೊಂಡು ತಾವೇ ಹೊರಟರು. ಅದೇ ಏರು, ಅದೇ ಗಾಡಿ. ಮತ್ತೆ ಅದೇ ಎತ್ತಿನ ಗಾಡಿಯ ನಡಿಗೆ, ಹಿಂದೆ ಅದೇ ಹಾರನ್ನುಗಳು.

"ಮೋಸ ಮಾಡವ್ನೆ ಕಣೆ! ಸತೀಶ ಓಡ್ಸಿದ್ರೆ ಕುದುರೆ, ನಾನು ಓಡ್ಸಿದ್ರೆ ಕತ್ತೆ!"

ಮನೆಗೆ ಬಂದವಳೇ ಮುಕ್ತಾರನಿಗೆ ಫೋನು ಮಾಡಿ ಬೈದೆ. "ಲೋ, ನಿಮ್ಮಜ್ಜ ಸದ್ದು ಕೇಳಿ ಬಸ್ಸಿನ ರೋಗ ಹೇಳ್ತಿದ್ದ. ನೀನು ಟಿವಿ ಪೆಟ್ಟಿಗೆ ಇಟ್ಕೊಂಡು ಹದಿನೈದು ಕುದುರೆ ನುಂಗಿದ್ಯಲ್ಲೋ! ಅರಗುತ್ತೇನೋ?" ಇನ್ನೂ ಏನೇನೋ ಅಂದೆ, ಅದನ್ನು ಬರೆದರೆ ಅಂಚೆಯವನು ಕಾಗದ ಮುಟ್ಟುವುದಿಲ್ಲ. ಪಾಪ, ಹುಡುಗ ಎದುರು ಮಾತಾಡದೆ ಸಂಜೆಯೇ ಬಂದ.

ನಾವು ಮೂವರೂ ಹೊರಟೆವು. ಇವರು ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ, ಮುಕ್ತಾರ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಏರು ಶುರುವಾಯಿತು.

"ಜೋರಾಗಿ ಒತ್ತಿ ತಾತ."

"ಒತ್ತೀವ್ನಿ ಕಣೋ."

"ಇನ್ನೂ ಒತ್ತಿ, ಪೆಡಲ್ ಪೂರ್ತಿ ಒತ್ತಿ. ಇಲ್ಲಿ ನೂರಕ್ಕೆ ಮೂವತ್ತು ತೋರಿಸ್ತಿದೆ."

"ನೆಲಕ್ಕೆ ಒತ್ತೀವ್ನಿ ಕಣ್ಲಾ! ಇನ್ನೇನು ಗಾಡಿ ತಳ ತೂತು ಮಾಡ್ಲಾ?"

ಬೈಯಲೆಂದೇ ನಾನು ಬಗ್ಗಿ ನೋಡಿದೆ ಕಣೇ ನೂರಾ. ಇವರ ಬಲಗಾಲಿನ ಹವಾಯಿ ಚಪ್ಪಲಿ ಕಳಚಿ ಮ್ಯಾಟಿನ ಮೇಲೆ ಮಗುಚಿ ಬಿದ್ದಿತ್ತು. ಬರಿಗಾಲು ಪೆಡಲಿನ ಮೇಲೆ ಸುಮ್ಮನೆ ಒರಗಿಕೊಂಡಿತ್ತು, ದಿಂಬಿನ ಮೇಲೆ ಕೈ ಇಟ್ಟ ಹಾಗೆ. ಚಪ್ಪಲಿ ಬಿದ್ದದ್ದು ಇವರಿಗೆ ಗೊತ್ತಿಲ್ಲ. ಕಾಲು ಒತ್ತುತ್ತಿಲ್ಲ ಎಂಬುದೂ ಗೊತ್ತಿಲ್ಲ. ಎಷ್ಟೋ ವರ್ಷದ ಸಕ್ಕರೆ ಕಾಯಿಲೆ ಆ ಕಾಲಿನ ಅರಿವನ್ನು ತಿಂದುಬಿಟ್ಟಿತ್ತು. ನಾನು ತಿರುಗಿ ಮುಕ್ತಾರನನ್ನು ನೋಡಿದೆ. ಅವನೂ ಸೀಟುಗಳ ನಡುವೆ ಬಗ್ಗಿ ಅದನ್ನೇ ನೋಡುತ್ತಿದ್ದ. ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ.

"ವೈರ್ ಲೂಸ್ ಆಗಿದೆ ತಾತ. ತಪ್ಪು ನಂದೇ. ಪಕ್ಕಕ್ಕೆ ಹಾಕಿ, ನಾನೇ ಓಡಿಸ್ತೀನಿ."

"ನಾನೇಳಿಲ್ವಾ!" ಅಂದರು ಇವರು, ಗೆದ್ದವರ ಹಾಗೆ.

ಮನೆಯ ಗೇಟಿನಲ್ಲಿ ಮುಕ್ತಾರನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಆ ಅಳತೇಲಿ ಏನಾದ್ರೂ ಮಾಡ್ಬೌದೇನಪ್ಪ? ಸುಮ್ನೆ ಕಾಲಿಟ್ರೂ ಗಾಡಿ ಹೋಗಂಗೆ?"

"ಮಾಡಬಹುದು ಅಜ್ಜಿ. ಒಂಚೂರು ತಾಗಿದ್ರೂ ನುಗ್ಗೋ ಹಾಗೆ ಬರೀಬಹುದು." ತಲೆ ತಗ್ಗಿಸಿದ. "ಆದ್ರೆ ಬ್ರೇಕಿಗೂ ಅದೇ ಕಾಲು ತಾನೇ ಅಜ್ಜಿ."

ಬೇಡ ಕಣಪ್ಪ ಅಂದೆ. ಬೈದದ್ದಕ್ಕೆ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಚಕ್ಕುಲಿ ಕಟ್ಟಿಕೊಟ್ಟೆ. ನನ್ನ ಪರವಾಗಿ ನೀನು ಹೇಳು.

ಇವರಿಗೆ ಹೇಗೆ ಹೇಳುವುದೆಂದು ಹೊರಳಾಡಿದೆ. ಎಂಥೆಂಥವರಿಗೋ ಮುಖದ ಮೇಲೆ ಹೊಡೆದ ಹಾಗೆ ಹೇಳುವವಳು ನಾನು, ರಾತ್ರಿಯೆಲ್ಲ ಮಾತು ಹುಡುಕಿದೆ. ಆದರೆ ದೇವರು ದೊಡ್ಡವನು. ಬೆಳಿಗ್ಗೆ ಎದ್ದು ತಾವೇ ಕೀ ತಂದು ಸತೀಶನ ಕೈಗೆ ಹಾಕಿದರು. "ಈ ಟ್ರಾಫಿಕ್ಕಲ್ಲಿ ನನ್ ಕೈಲಾಗಲ್ಲ ಕಣ್ಲಾ, ಬೇಜಾರು. ನೀನೇ ಓಡ್ಸು, ನಾನು ಪಕ್ಕದಲ್ಲಿ ಕುಂತ್ಕೊಂಡು ಏಳಿಕೊಡ್ತೀನಿ." ಗಾಡಿ ಮಾರುವ ಮಾತೇ ಇಲ್ಲ. ಈಗ ಎಡಗಡೆ ಕೂತು, ಗೇರು ಇಳಿಸು, ಹಾರನ್ ಹೊಡಿ ಎಂದು ಸತೀಶನ ಪ್ರಾಣ ಹಿಂಡುತ್ತಾರೆ. ಹೆಬ್ಬಾಳದ ಏರಿನಲ್ಲಿ ತರಕಾರಿ ಆಟೋ ದಾಟಿದರೆ ಕಿಟಕಿಯಿಂದ ಕೈ ಬೀಸುತ್ತಾರೆ. ಬಂದವರಿಗೆಲ್ಲ ಹದಿನೈದನ್ನು ಮೂವತ್ತು ಮಾಡಿ ಹೇಳುತ್ತಾರೆ. ನಾನು ತಿದ್ದುವುದಿಲ್ಲ. ಮನೆ ನೆಮ್ಮದಿಯಾಗಿದೆ ನೂರಾ, ಹೆಚ್ಚು ಆಸೆ ನನಗಿಲ್ಲ.

ಗೌರಿ ಹಬ್ಬಕ್ಕೆ ಬಾ. ನಿನಗೂ ಹೆಬ್ಬಾಳದ ಏರು ತೋರಿಸುತ್ತೇವೆ. ನಿನ್ನ ಮಗಳ ಮನೆ ತುಂಬಿರಲಿ, ಮುಕ್ತಾರನ ಕೈಗೆ ಒಳ್ಳೆಯ ಹೆಸರು ಬರಲಿ, ನಿನ್ನ ದೇವರೂ ನನ್ನ ದೇವರೂ ಸೇರಿಕೊಂಡು ನಿನ್ನ ಮೊಣಕಾಲು ನೋಡಿಕೊಳ್ಳಲಿ.

ಇಂತಿ ನಿನ್ನ ಬಾಯಿಬಡಕಿ,
ಗಂಗರತ್ನ

ಮರೆಯದೆ ಓದು: ಸತೀಶ ಅಂಚೆ ಡಬ್ಬಿಗೆ ಹಾಕಲು ಮರೆತು ಈ ಕಾಗದ ಇಷ್ಟು ದಿನ ಗೂಡಿನಲ್ಲೇ ಉಳಿಯಿತು. ಮೇಲೆ ಬರೆದ ಒಂದು ಮಾತು ಸುಳ್ಳಾಗಿದೆ, ಅದನ್ನು ಸೇರಿಸಿ ಕಳಿಸುತ್ತಿದ್ದೇನೆ. ಇದನ್ನು ಬರೆದ ಮಾರನೆಯ ದಿನ ಇವರ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದೆ. ತಾವಾಗಿಯೇ ಅಂದರು: "ಆ ಕಾಲು ಬುಡು ರತ್ನಿ, ಅದಕ್ಕೇನೂ ಗೊತ್ತಾಗಲ್ಲ." ನಾನು ತಿಕ್ಕುತ್ತಲೇ ಇದ್ದೆ. "ವೈರ್ ಲೂಸು ಅಂದ್ನಲ್ಲ ಆ ಉಡುಗ, ನಂಬಿದ್ದೆ. ಆದ್ರೆ ಇಳಿವಾಗ ನೋಡ್ದೆ, ಚಪ್ಲಿ ಬಿದ್ದಿತ್ತು. ಅದ ನೋಡಿದ್ರೂ ನೀನು ಒಂದು ಮಾತೂ ಬೈಲಿಲ್ಲ. ಮನೆಗಂಟ ಬೈಲಿಲ್ಲ. ಅವಾಗ್ಲೇ ತಿಳ್ಕೊಂಡೆ."

ಅದಕ್ಕೇ ಈಗ ದಿನಾ ಬೈಯುತ್ತಿದ್ದೇನೆ ನೂರಾ. ಇವತ್ತು ಎಡಗಾಲಿನ ಚಪ್ಪಲಿಯೂ ಇವರಿಗೆ ಅರಿವಿಲ್ಲದೆ ಹೊಸ್ತಿಲಲ್ಲೇ ಉಳಿದಿತ್ತು. ಅದನ್ನು ತಂದು ಕಾಲಿಗೆ ತೊಡಿಸುವಷ್ಟು ಹೊತ್ತೂ, ಬೀದಿಗೆಲ್ಲ ಕೇಳುವ ಹಾಗೆ ಬೈದೆ.